ಇಪ್ಪತ್ತು ಮನೆಯ ಹೆಸರು

ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಬಸ್ಸು ಶಿಡ್ಲಘಟ್ಟದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಳೆದ ಸೋಮವಾರ ನಿಂತಾಗ ಕಿಟಕಿಯ ಗಾಜನ್ನು ಅರ್ಧ ಸರಿಸಿದೆ. ಬೇಯಿಸಿದ ರೇಷ್ಮೆಗೂಡಿನ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಅಯ್ಯೋ, ಏನು ಗಬ್ಬಮ್ಮ ಇದು! ಕಿಟಕಿ ಹಾಕಮ್ಮ ತಾಯಿ" ಎಂದಳು. ಹಾಕಿದೆ. ಗಾಜು ಹಾಕಿದ ಮೇಲೂ ವಾಸನೆ ಒಳಗೇ ಉಳಿಯಿತು. ಬಸ್ಸು ಊರು ದಾಟಿ, ಹಿಪ್ಪುನೇರಳೆ ತೋಟಗಳ ನಡುವೆ ಓಡತೊಡಗಿದಾಗಲೂ ನನಗೆ ಅದು ಬರುತ್ತಲೇ ಇತ್ತು.

ಆ ವಾಸನೆಯ ನೆತ್ತಿಯ ಮೇಲೆ ನಾನು ಒಂದು ವರ್ಷ ಮಲಗಿ ಎದ್ದಿದ್ದೇನೆ. ತೊಂಬತ್ತಮೂರರ ಜೂನ್‌ನಿಂದ ಮುಂದಿನ ಮೇವರೆಗೆ. ಕೆಳಗೆ ನೂಲು ಬಿಚ್ಚುವ ಘಟಕ, ಮೇಲೆ ನನ್ನ ಕೋಣೆ. ಬೆಳಗಾಗುತ್ತಲೇ ಕೆಳಗಿನ ಒಲೆಗಳಿಗೆ ಬೆಂಕಿ ಬೀಳುತ್ತಿತ್ತು, ಗೂಡು ಬೇಯುತ್ತಿತ್ತು, ನನ್ನ ನೆಲ ಬೆಚ್ಚಗಾಗುತ್ತಿತ್ತು. ಚಳಿಗಾಲದಲ್ಲಿ ಅದೊಂದು ಸುಖ. ಉಳಿದ ಕಾಲದಲ್ಲಿ ಕಿಟಕಿ ತೆರೆದರೆ ವಾಸನೆ, ಮುಚ್ಚಿದರೆ ಸೆಕೆ. ಮೊದಲ ವಾರ ಊಟ ಸೇರಲಿಲ್ಲ. ಎರಡನೆಯ ವಾರದಿಂದ ಡೈರಿಯಲ್ಲಿ ವಾಸನೆಯ ಮಾತೇ ಇಲ್ಲ.

ಡೈರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ಅಭ್ಯಾಸ. ತಾರೀಖು, ಮಳೆ ಬಂತೋ ಇಲ್ಲವೋ, ಕರೆಂಟು ಎಷ್ಟು ಹೊತ್ತು ಹೋಯಿತು, ಎಷ್ಟು ಕೆಲಸವಾಯಿತು. ಶಿಡ್ಲಘಟ್ಟಕ್ಕೆ ಬಂದ ಮೇಲೆ ಒಂದು ಅಂಕಣ ಹೆಚ್ಚಾಯಿತು. ಅದಕ್ಕೆ "ಮಾತು" ಎಂದು ಹೆಸರಿಟ್ಟಿದ್ದೆ. ಕೆಲಸದ ವಿಷಯ ಬಿಟ್ಟು ಬೇರೆ ಮಾತನ್ನು ಆ ದಿನ ನನ್ನೊಡನೆ ಎಷ್ಟು ಜನ ಆಡಿದರು ಎಂಬ ಲೆಕ್ಕ. ಜುಲೈ ತಿಂಗಳ ಪುಟಗಳನ್ನು ಈಗ ತಿರುವಿದರೆ ಆ ಅಂಕಣದಲ್ಲಿ ಒಂದು, ಸೊನ್ನೆ, ಸೊನ್ನೆ, ಒಂದು ಎಂದು ಇದೆ. ಆ ಒಂದು ಸಾಮಾನ್ಯವಾಗಿ ಹೋಟೆಲಿನ ಮಾಣಿ. ಮನೆಯೊಡತಿಯ ಕಡೆ ಉರ್ದು, ಅಂಗಡಿಯಲ್ಲಿ ತೆಲುಗು, ಕೆಲಸದ ಜಾಗದಲ್ಲಿ ಕನ್ನಡ. ಮೂರೂ ನನಗೆ ತಿಳಿಯುತ್ತಿತ್ತು. ಮೂರರಲ್ಲೂ ಜನ ತಮ್ಮ ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು.

ನನ್ನದು ಗೌರಿಬಿದನೂರು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ವರ್ಷವೇ ಈ ಕೆಲಸ ಸಿಕ್ಕಿತ್ತು. ರೇಷ್ಮೆ ಬೆಳೆಗಾರರ ಒಂದು ಸಣ್ಣ ಸಂಘ. ಸಂಘಕ್ಕೆ ಒಂದು ಚಾಕಿ ಕೇಂದ್ರವಿತ್ತು. ರೇಷ್ಮೆ ಹುಳ ಮೊಟ್ಟೆಯಿಂದ ಹೊರಬಂದಾಗ ಎಳ್ಳಿಗಿಂತ ಸಣ್ಣದು. ಆ ಎಳೆ ಹುಳವನ್ನು ಮೊದಲ ಕೆಲವು ದಿನ ಹದವಾದ ಶಾಖದಲ್ಲಿ, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ ಸಾಕುವುದು ಚಾಕಿ. ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡನೇ ಜ್ವರಕ್ಕೆ ಮಲಗಿದ ಹುಳವನ್ನು ತಟ್ಟೆ ಸಮೇತ ರೈತರಿಗೆ ಕೊಡಬೇಕು. ಮಲಗಿರುವಾಗಲೇ ಊರು ಸೇರಬೇಕು. ಜ್ವರ ಬಿಟ್ಟು ಎದ್ದರೆ ಹಸಿವು. ಎದ್ದಾಗ ಸೊಪ್ಪು ಸಿಗದಿದ್ದರೆ ಆ ಬೆಳೆ ಮತ್ತೆ ಸುಧಾರಿಸುವುದಿಲ್ಲ.

ಯಾರ ಹುಳ ಯಾವ ದಿನ ಎಂಬ ಪಟ್ಟಿಯನ್ನು ಅಲ್ಲಿಯವರೆಗೆ ಕೈಯಲ್ಲಿ ಬರೆಯುತ್ತಿದ್ದರು. ಹುಣಸೆಮರದ ಮುನಿಯಪ್ಪ, ಗಿರಣಿ ಪಕ್ಕದ ಮುನಿಯಪ್ಪ ಎಂದು ಇರುತ್ತಿತ್ತಂತೆ. ನಾನು ಸೇರುವ ಮುಂಚೆ ಬೆಂಗಳೂರಿನಿಂದ ಒಬ್ಬ ಬಂದು, ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟು ಹೋಗಿದ್ದ. ಅವನನ್ನು ನಾನು ನೋಡಲಿಲ್ಲ. ಅವನು ಕೊಟ್ಟ ಫೋನ್ ನಂಬರಿನಲ್ಲಿ ಯಾರೋ ಬಟ್ಟೆ ಅಂಗಡಿಯವರು ಎತ್ತುತ್ತಿದ್ದರು. ಹಸಿರು ಅಕ್ಷರದ ತೆರೆ, ಕಿರ್ರೆಂದು ಅಚ್ಚುಹಾಕುವ ಪ್ರಿಂಟರು, ಅಂಚಿನಲ್ಲಿ ತೂತಿರುವ ಕಾಗದ. ಧೂಳು ಬೀಳಬಾರದೆಂದು ಕೋಣೆಗೆ ಗಾಜಿನ ಬಾಗಿಲು, ಚಪ್ಪಲಿ ಹೊರಗೆ. ಯಾರೂ ಒಳಗೆ ಬರುತ್ತಿರಲಿಲ್ಲ. ಬಂದರೆ ಏನೋ ಕೆಟ್ಟುಹೋಗುತ್ತದೆ ಎಂಬ ಭಯ. ಎಲ್ಲರಿಗೂ ನಾನು ಕಂಪ್ಯೂಟರಮ್ಮ. ಸೆಕ್ರೆಟರಿ ಭೈರಪ್ಪನವರೂ ಬಾಗಿಲ ಹೊರಗೆ ನಿಂತು, ಗಾಜು ತಟ್ಟಿ, "ಕಂಪ್ಯೂಟರಮ್ಮಾ, ಪಟ್ಟಿ" ಎಂದು ಕೈಚಾಚುತ್ತಿದ್ದರು.

ಆ ಪ್ರೋಗ್ರಾಂ ಬರೆದವನು ಸಾಲುಗಳ ನಡುವೆ ಅಲ್ಲಲ್ಲಿ ಟಿಪ್ಪಣಿ ಬಿಟ್ಟಿದ್ದ. ಇಲ್ಲಿ ತಾರೀಖು ಸರಿಯಾಗಿದೆಯೇ ನೋಡುತ್ತದೆ, ಇಲ್ಲಿ ಕಾಗದ ಮುಗಿದರೆ ನಿಲ್ಲುತ್ತದೆ, ಇದನ್ನು ಮುಟ್ಟಬೇಡಿ. ಮಧ್ಯಾಹ್ನದ ಹೊತ್ತು ಕೆಲಸವಿಲ್ಲದಾಗ ನಾನು ಅವನ್ನು ಓದುತ್ತಿದ್ದೆ. ಓದಿ ಓದಿ ಅವನ ಸ್ವಭಾವವೂ ಒಂದಿಷ್ಟು ತಿಳಿದಂತಾಗಿತ್ತು. ಅವಸರದವನು, ಆದರೆ ಸೋಮಾರಿಯಲ್ಲ. ಒಂದು ಕಡೆ "ಇದು ಯಾಕೆ ನಡೆಯುತ್ತಿದೆಯೋ ಗೊತ್ತಿಲ್ಲ" ಎಂದು ಬರೆದಿದ್ದ. ಅದನ್ನು ಓದಿ ಒಬ್ಬಳೇ ನಕ್ಕಿದ್ದೆ. ಆ ದಿನ "ಮಾತು" ಅಂಕಣದಲ್ಲಿ ಒಂದು ಎಂದು ಬರೆದು, ಆಮೇಲೆ ಹೊಡೆದುಹಾಕಿದ್ದೇನೆ.

ಅಕ್ಟೋಬರ್ ಕೊನೆಯ ವಾರ ಒಂದು ಮಧ್ಯಾಹ್ನ ಗಾಜಿನ ಬಾಗಿಲ ಹೊರಗೆ ಒಬ್ಬ ಹೆಂಗಸು ಬಂದು ನಿಂತಳು. ಮೂವತ್ತೈದರ ಆಚೀಚೆ ವಯಸ್ಸು. ಚಪ್ಪಲಿ ಬಿಟ್ಟಳು, ಕಾಲನ್ನು ಗೋಣಿತಾಟಿಗೆ ಎರಡು ಸಲ ಒರೆಸಿದಳು, ಬಾಗಿಲು ತಳ್ಳಿ ನೇರ ಒಳಗೆ ಬಂದಳು.

"ಹೆಸರು ಬರೆಯೋ ಅಮ್ಮ ನೀನೇನಾ?"

"ಹೌದು. ಏನಾಗಬೇಕಿತ್ತು?"

"ಐವತ್ತು ಮೊಟ್ಟೆ ಹುಳಕ್ಕೆ ಬರ್ಸಿದ್ದೆ. ವೆಂಕಟಲಕ್ಷ್ಮಮ್ಮ ಅಂತ. ನೋಡು, ಐತಾ?"

ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರರಷ್ಟು ಮೊಟ್ಟೆ. ಹುಡುಕಿದೆ. ಒಂದೇ ಊರಿನಿಂದ ಇಬ್ಬರು ವೆಂಕಟಲಕ್ಷ್ಮಮ್ಮ ಇದ್ದರು. ಇಬ್ಬರ ಹುಳವೂ ನವೆಂಬರಿನ ಎರಡನೇ ಶುಕ್ರವಾರಕ್ಕೆ.

"ಇಬ್ಬರಿದ್ದಾರಲ್ಲ" ಎಂದೆ.

"ಅದೇ ನೋಡಮ್ಮ ನನ್ನ ಕರ್ಮ" ಎಂದು ಅವಳು ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಬೇಡ ಎಂದಳು. "ಇನ್ನೊಬ್ಳು ನನ್ನ ಓರಗಿತ್ತಿ. ಒಂದೇ ಮನೆಗೆ ಒಂದೇ ಹೆಸರಿನೋರು ಇಬ್ರು ಸೊಸೇರು. ಮದ್ವೆ ದಿನ ಎಲ್ರೂ ನಕ್ಕಿದ್ದೇ ನಕ್ಕಿದ್ದು."

ಅವಳ ಊರು ಅಂಬಾಜಿದುರ್ಗದ ಬುಡದಲ್ಲಿತ್ತು. ಗಂಡ ತೀರಿಕೊಂಡು ಎರಡು ವರ್ಷ. ಅವನ ಪಾಲಿನ ಅರ್ಧ ಎಕರೆ ಹಿಪ್ಪುನೇರಳೆ ತೋಟವನ್ನು ಭಾವ ಆಂಜಿನಪ್ಪನೇ ನೋಡಿಕೊಳ್ಳುತ್ತಿದ್ದ. ಹಿಂದಿನ ಎರಡು ಬೆಳೆಗೆ ಇವಳು ಹೆಸರು ಬರೆಸಿದರೂ, ಕೊಡುವ ದಿನ ಆಂಜಿನಪ್ಪ ಬಂದು, ವೆಂಕಟಲಕ್ಷ್ಮಮ್ಮ ನಮ್ಮ ಮನೆಯವಳೇ ಎಂದು ಇಬ್ಬರ ತಟ್ಟೆಗಳನ್ನೂ ತನ್ನ ಹುಳಮನೆಗೆ ಒಯ್ದಿದ್ದ. ಅದರಲ್ಲಿ ಸುಳ್ಳೂ ಇರಲಿಲ್ಲ.

"ಈ ಸಲ ಪಂಚಾಯ್ತಿ ಕೂರ್ಸಿದ್ದೆ" ಎಂದಳು. "ಹುಳ ನಿನ್ ಹೆಸರಿಗೆ ಬಂದು, ನೀನೇ ಒಂದು ಬೆಳೆ ತೆಗೆದ್ರೆ ತೋಟ ನೀನೇ ಮಾಡ್ಕೋ ಅಂದವ್ರೆ. ಇಲ್ಲಾಂದ್ರೆ ನಮ್ ಭಾವನ ಕೈಗೇ ಬಿಟ್ಬಿಡ್ಬೇಕು. ಒಂದೇ ಬೆಳೆ ಕಣಮ್ಮ ಟೈಮು. ಅದಕ್ಕೇ ನನ್ ಹೆಸರು ಪೂರ್ತಿ ಹಾಕು. ದಿಬ್ಬೂರಹಳ್ಳಿ ನರಸಿಂಹಪ್ಪನ ಮಗಳು ವೆಂಕಟಲಕ್ಷ್ಮಮ್ಮ."

ಅಷ್ಟು ಜಾಗವಿರಲಿಲ್ಲ. ಪ್ರೋಗ್ರಾಮಿನಲ್ಲಿ ಹೆಸರಿಗೆ ಇಪ್ಪತ್ತು ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಇಪ್ಪತ್ತೊಂದನೆಯದು ಒತ್ತಿದರೆ ಯಂತ್ರ ಕೂಗುತ್ತಿತ್ತು. ತವರೂರಿಗೆ ಡಿ, ಅಪ್ಪನಿಗೆ ಎನ್, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ಹೆಸರು ಎಂದು ಒತ್ತುತ್ತ ಹೋದೆ. ಕೊನೆಯ ಅಕ್ಷರಕ್ಕೆ ಸರಿಯಾಗಿ ಇಪ್ಪತ್ತು. ಯಂತ್ರ ಕೂಗಲಿಲ್ಲ.

"ಹಿಡೀತಾ?" ಎಂದಳು, ತೆರೆಯ ಕಡೆ ಕತ್ತು ಚಾಚಿ.

"ಸರಿಯಾಗಿ ಹಿಡೀತು" ಎಂದೆ. ನನಗೂ ಖುಷಿಯಾಗಿತ್ತು.

ಅವಳು ಎದ್ದು ಹೊರಟವಳು ಬಾಗಿಲಲ್ಲಿ ತಿರುಗಿ, "ಊಟ ಆಯ್ತಾ ನಿಂದು? ಮುಖ ಬಾಡೈತೆ" ಎಂದಳು. ಆ ದಿನದ ಅಂಕಣದಲ್ಲಿ ಒಂದು ಇದೆ, ಹೊಡೆದುಹಾಕಿಲ್ಲ.

ನವೆಂಬರ್ ಪೂರ್ತಿ ಜಡಿಮಳೆ. ಬೆಟ್ಟಗಳ ತಲೆ ಕಾಣುತ್ತಿರಲಿಲ್ಲ. ಕೆಳಗಿನ ಘಟಕದವರು ಗೂಡು ಒಣಗುತ್ತಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಒದ್ದೆ ಸೊಪ್ಪು ಹುಳಕ್ಕೆ ಆಗದು. ಮಳೆ ನಿಂತ ಒಂದೊಂದು ಗಳಿಗೆ ನೋಡಿಕೊಂಡು ರೈತರು ಸೊಪ್ಪು ಕೊಯ್ದು ಒಳಗೆ ಹರವಿಕೊಳ್ಳುತ್ತಿದ್ದರು. ಎರಡನೇ ಶುಕ್ರವಾರ ಬೆಳಿಗ್ಗೆ ನಾನು ಪಟ್ಟಿ ಅಚ್ಚುಹಾಕಿ ಕೊಟ್ಟೆ. ಒಂದು ಪ್ರತಿ ಹೊರಗಿನ ಹಲಗೆಗೆ, ಒಂದು ಪ್ರತಿ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ. ಅವನು ದಾರಿಯ ಹಾಲಿನ ಡೈರಿಗಳಲ್ಲಿ ಅದನ್ನು ಓದಿ ಹೇಳುತ್ತಿದ್ದ. ಪಟ್ಟಿಯಲ್ಲಿ ಹೆಸರು ಕೇಳಿಬಂದವರು ಮಾತ್ರ ಹೊರಟು ಬರುತ್ತಿದ್ದರು. ಶಾಖ ಹೆಚ್ಚುಕಡಿಮೆಯಾದರೆ ಹುಳ ಒಂದು ದಿನ ಹಿಂದೆ ಮುಂದೆ ಆಗುವುದುಂಟು. ಹಾಗಾಗಿ ಹೆಸರು ಬರದಿದ್ದರೆ ನಾಳೆ ಇರಬಹುದು ಎಂದುಕೊಳ್ಳುವುದು ರೂಢಿ.

ಹತ್ತು ಗಂಟೆಯ ಹೊತ್ತಿಗೆ ತಟ್ಟೆಗಳೆಲ್ಲ ಹೋಗಿದ್ದವು. ಚಾಕಿ ನೋಡಿಕೊಳ್ಳುವ ಮುನಿರತ್ನಮ್ಮ ಗಾಜು ತಟ್ಟಿದಳು.

"ಕಂಪ್ಯೂಟರಮ್ಮಾ, ಎರಡು ತಟ್ಟೆ ಉಳಿದವೆ. ಯಾರ್ದು ನೋಡಿ ಹೇಳು. ಸಂಜೆಗೆ ಎದ್ಬಿಡ್ತವೆ ಮುಂಡೇವು."

ತಟ್ಟೆಗೆ ಕಟ್ಟಿದ ಚೀಟಿಯಲ್ಲಿ ಹೆಸರಿರುವುದಿಲ್ಲ, ಲಾಟ್ ನಂಬರ್ ಮಾತ್ರ. ಆ ನಂಬರ್ ಒತ್ತಿದೆ. ತೆರೆಯ ಮೇಲೆ ಅವಳ ಹೆಸರು ಪೂರ್ತಿ ಬಂತು, ಡಿ ಎನ್ ಸಮೇತ. ಅದರ ಮುಂದೆ ತಾರೀಖು ಇರಬೇಕಾದ ಕಡೆ ಖಾಲಿ.

ನಾನೇ ನೋಡಿದ್ದ ತಾರೀಖು. ಅಳಿಸಿದವರಿಲ್ಲ. ತಾರೀಖಿಲ್ಲದ ಹೆಸರು ಯಾವ ದಿನದ ಪಟ್ಟಿಗೂ ಬರುವುದಿಲ್ಲ. ಇವತ್ತೂ ಇಲ್ಲ, ನಾಳೆಯೂ ಇಲ್ಲ. ಅವಳು ಊರಲ್ಲಿ ನಾಳೆ ಎಂದುಕೊಂಡು ಕೂತಿರುತ್ತಾಳೆ.

ಹೊರಗೆ ಬಂದಾಗ ಭೈರಪ್ಪನವರ ಮುಂದೆ ಒಬ್ಬ ನಿಂತಿದ್ದ. ಹೆಂಡತಿಯ ಹೆಸರಿನ ತಟ್ಟೆಗಳನ್ನು ಲಗೇಜ್ ಆಟೋಕ್ಕೆ ಏರಿಸಿ, ಉಳಿದ ಎರಡನ್ನು ನೋಡುತ್ತಿದ್ದ. ಅವನೇ ಆಂಜಿನಪ್ಪ.

"ಇದು ನಮ್ದೇ ಇರ್ಬೇಕು ಸಾರ್" ಎನ್ನುತ್ತಿದ್ದ. "ನಮ್ಮನೇಲಿ ಇಬ್ರು ವೆಂಕಟಲಕ್ಷ್ಮಮ್ಮನೂ ಅವ್ರೆ. ತಗೊಂಡೋಗ್ತೀನಿ ಬಿಡಿ, ಹುಳ ಸಾಯೋದ್ ಬ್ಯಾಡ."

ವಾರಸುದಾರರು ಬರದ ತಟ್ಟೆಯನ್ನು ಎದುರಿಗಿದ್ದವರಿಗೆ ಕೊಟ್ಟುಬಿಡುವುದು ಅಲ್ಲಿಯ ಪದ್ಧತಿ. ಹುಳ ಉಳಿಯಬೇಕು, ಅಷ್ಟೆ. ಭೈರಪ್ಪನವರು ತಲೆಯಾಡಿಸುತ್ತಿದ್ದರು.

"ಅದು ಇವರದಲ್ಲ ಸಾರ್" ಎಂದೆ. "ಡಿ. ಎನ್. ವೆಂಕಟಲಕ್ಷ್ಮಮ್ಮನವರದು."

"ಪಟ್ಟೀಲಿ ಇಲ್ವಲ್ಲಮ್ಮ."

"ಮಿಷಿನ್ ತಪ್ಪು ಸಾರ್. ಐದು ನಿಮಿಷ ಕೊಡಿ."

"ಪಟ್ಟೀಲಿ ತೋರ್ಸು, ಕೊಡ್ತೀನಿ. ಇಲ್ದಿದ್ರೆ ನಾನೇನ್ ಮಾಡ್ಲಿ? ನಾಳೆ ಇವ್ರೇ ಬಂದು ನನ್ ಕೊರಳಪಟ್ಟಿ ಹಿಡೀತಾರೆ."

ಒಳಗೆ ಓಡಿಹೋಗಿ ತಾರೀಖನ್ನು ಮತ್ತೆ ಒತ್ತಿ, ಪಟ್ಟಿ ತೆಗೆದೆ. ಈ ಸಲ ಅವಳು ಬಂದಳು. ಆದರೆ ಹೆಸರು ಮುಗಿಯುವ ಕಡೆ ಮುಗಿಯಲೇ ಇಲ್ಲ. ತಾರೀಖಿನ ಅಂಕಿಗಳು ಹೆಸರಿನ ಬಾಲಕ್ಕೆ ಅಂಟಿಕೊಂಡು, ಒಂದೇ ಉದ್ದನೆಯ ಪದವಾಗಿ ಪಕ್ಕದ ಅಂಕಣಕ್ಕೆ ನುಗ್ಗಿದ್ದವು. ಭೈರಪ್ಪನವರು ಕನ್ನಡಕ ಏರಿಸಿ ನೋಡಿದರು.

"ಇದ್ಯಾವ ಹೆಸರಮ್ಮ? ವೆಂಕಟಲಕ್ಷ್ಮಮ್ಮ ಹನ್ನೆರಡು ಹನ್ನೊಂದು ತೊಂಬತ್ಮೂರು! ಬಸ್ಸಿನ ನಂಬರ್ ಇದ್ದಂಗೈತೆ."

ಮುನಿರತ್ನಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆಂಜಿನಪ್ಪ ನಗಲಿಲ್ಲ. ಲಾಟ್ ನಂಬರ್ ತಾಳೆಯಾಯಿತು. ಭೈರಪ್ಪನವರು ಪಟ್ಟಿಗೆ ಸಹಿ ಹಾಕಿದರು.

"ಸರಿ ಬಿಡಿ, ಅವ್ಳದೇ" ಎಂದ ಆಂಜಿನಪ್ಪ. "ಅವ್ಳಂತೂ ಇಲ್ಲಿಲ್ಲ. ನಾನೇ ಒಯ್ದು ಕೊಡ್ತೀನಿ."

"ಬೇಡ" ಎಂದೆ. "ನಾನೇ ತಗೊಂಡು ಹೋಗ್ತೀನಿ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಹುಳವನ್ನು ನಾನು ಹತ್ತಿರದಿಂದ ನೋಡಿದ್ದೂ ಕಡಿಮೆ. ಆಂಜಿನಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಟೋ ಹತ್ತಿ ಹೋದ. ಭೈರಪ್ಪನವರು ಅರ್ಧ ದಿನ ರಜೆ ಬರೆದುಕೋ ಎಂದರು. ಮುನಿರತ್ನಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಕಟ್ಟಿ, ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದಳು. "ಮಳೆ ಹನಿ ಬೀಳ್ಬಾರ್ದು, ಗಾಳಿನೂ ಕಟ್ಬಾರ್ದು. ಮಗೂ ಎತ್ಕೊಂಡಂಗೆ ಎತ್ಕೋ. ಅಲುಗಾಡ್ಸಬ್ಯಾಡ" ಎಂದಳು.

ಚಿಂತಾಮಣಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರು ಬಾಗಿ ನೋಡಿ, "ಏಮಮ್ಮಾ, ಪುರುಗುಲಾ? ಹುಳಕ್ಕೂ ಟಿಕೆಟ್ ಹರೀಲಾ?" ಎಂದ. ಹಿಂದಿನ ಸೀಟಿನ ಮುದುಕರೊಬ್ಬರು, "ಮಲಗವೆ ಕಣಯ್ಯ, ಮಲಗಿರೋರಿಗೆ ಯಾವ ಟಿಕೆಟ್ಟು, ಹೋಗು" ಎಂದು ಅವನನ್ನು ಸಾಗಹಾಕಿದರು. ದಾರಿಯುದ್ದಕ್ಕೂ ಅವರು ಯಾವ ಜಾತಿ ಹುಳ, ಎಷ್ಟನೇ ಜ್ವರ, ಯಾರ ಮನೆಗೆ ಎಂದು ಕೇಳುತ್ತಲೇ ಬಂದರು. ಅಕ್ಕಪಕ್ಕದವರೂ ಸೇರಿಕೊಂಡರು. ಐದು ತಿಂಗಳಲ್ಲಿ ನನ್ನೊಡನೆ ಅಷ್ಟು ಜನ ಒಟ್ಟಿಗೆ ಮಾತಾಡಿದ್ದು ಅದೇ ಮೊದಲು. ತೊಡೆಯ ಮೇಲಿದ್ದ ಹುಳಕ್ಕಾಗಿ ಎಂದು ಗೊತ್ತಿದ್ದರೂ ಹಿತವಾಗಿತ್ತು.

ಆ ಬಸ್ಸಿನಲ್ಲೇ ನನಗೆ ತಪ್ಪು ಹೊಳೆದದ್ದು. ಯಂತ್ರದ ಮುಂದೆ ಕೂತಾಗ ಹೊಳೆದಿರಲಿಲ್ಲ. ಸಿ ಭಾಷೆಯಲ್ಲಿ ಒಂದು ಹೆಸರನ್ನು ಇಡಬೇಕಾದರೆ ಮೊದಲೇ ಇಷ್ಟು ಮನೆ ಬೇಕು ಎಂದು ಹೇಳಿ ಹಾಕಿಸಿಕೊಳ್ಳಬೇಕು. ಚೌಕಾಬಾರದ ಮನೆಗಳ ಹಾಗೆ ಸಾಲಾಗಿರುತ್ತವೆ, ಮನೆಗೊಂದು ಅಕ್ಷರ. ಹೆಸರು ಎಲ್ಲಿ ಮುಗಿಯಿತು ಎಂಬುದು ಯಂತ್ರಕ್ಕೆ ತಾನಾಗಿ ಗೊತ್ತಾಗದು. ಕೊನೆಯಲ್ಲಿ ಒಂದು ಸೊನ್ನೆ ಇಟ್ಟಿರಬೇಕು. ತೆರೆಯ ಮೇಲೆ ಕಾಣದ ಗುರುತು ಅದು. ಯಂತ್ರ ಓದುತ್ತ ಹೋಗಿ ಅಲ್ಲಿ ನಿಲ್ಲುತ್ತದೆ. ಕಾಣದಿದ್ದರೂ ಆ ಸೊನ್ನೆಗೂ ಒಂದು ಮನೆ ಬೇಕು. ಬೆಂಗಳೂರಿನವನು ಇಪ್ಪತ್ತು ಅಕ್ಷರ ಒತ್ತಲು ಬಿಟ್ಟಿದ್ದ, ಮನೆ ಹಾಕಿದ್ದೂ ಇಪ್ಪತ್ತೇ. ಉಳಿದವರ ಹೆಸರೆಲ್ಲ ಚಿಕ್ಕವು, ಎಂದೂ ತೊಂದರೆಯಾಗಿರಲಿಲ್ಲ. ಇವಳ ಹೆಸರು ಇಪ್ಪತ್ತನ್ನೂ ತುಂಬಿಬಿಟ್ಟಿತು. ಸೊನ್ನೆಗೆ ಜಾಗವಿಲ್ಲದೆ ಅದು ಪಕ್ಕದ ಮನೆಯಲ್ಲಿ ಹೋಗಿ ಕೂತಿತು. ಪಕ್ಕದ್ದು ತಾರೀಖಿನ ಮೊದಲ ಮನೆ. ಶುರುವಿನಲ್ಲೇ ಸೊನ್ನೆ ಕಂಡರೆ ಯಂತ್ರದ ಪಾಲಿಗೆ ಅಲ್ಲಿ ತಾರೀಖೇ ಇಲ್ಲ. ನಾನು ಮತ್ತೆ ತಾರೀಖು ಒತ್ತಿದಾಗ ಆ ಸೊನ್ನೆ ಅಳಿಸಿಹೋಯಿತು. ಹೆಸರಿಗೆ ಕೊನೆಯೇ ಇಲ್ಲದೆ ಯಂತ್ರ ತಾರೀಖನ್ನೂ ಸೇರಿಸಿ ಓದಿತು.

ಇದನ್ನೆಲ್ಲ ಯಾರಿಗಾದರೂ ಹೇಳಬೇಕೆನಿಸಿತು. ಹಿಂದೆ ತಿರುಗಿ ನೋಡಿದೆ. ಮುದುಕರು ನಿದ್ದೆ ಹೋಗಿದ್ದರು.

ಬಸ್ಸಿಳಿದು ಕೆಸರಿನ ದಾರಿಯಲ್ಲಿ ಒಂದು ಮೈಲಿ ನಡೆದೆ. ಬೆಟ್ಟ ಅರ್ಧ ಮೋಡದಲ್ಲಿತ್ತು. ಹನಿ ಬೀಳುತ್ತಿದ್ದುದರಿಂದ ಕೊಡೆಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೆ, ನಾನು ನೆನೆದೆ. ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಅಂಗಳದಲ್ಲಿ ಆ ಲಗೇಜ್ ಆಟೋ ನಿಂತಿತ್ತು. ಜಗಲಿಯ ಮೇಲೆ ಆಂಜಿನಪ್ಪ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ. ಬಾಗಿಲಲ್ಲಿ ವೆಂಕಟಲಕ್ಷ್ಮಮ್ಮ ಎರಡು ಕೈ ತುಂಬ ಸೊಪ್ಪಿನ ಕಂತೆ ಹಿಡಿದು ನಿಂತಿದ್ದಳು. ಮಳೆ ನಿಂತಾಗ ಕೊಯ್ದು ನೀರು ಆರಿಸಿಟ್ಟ ಸೊಪ್ಪು.

"ನಿನ್ ಹೆಸರು ಇವತ್ತಿನ ಪಟ್ಟೀಲಿ ಓದ್ಲಿಲ್ಲ, ನೀನೇ ಕೇಳ್ದೆಯಲ್ಲಮ್ಮ" ಎನ್ನುತ್ತಿದ್ದ ಅವನು. "ಸೊಪ್ಪು ಕೊಯ್ದಿದ್ದೀಯ, ಬಾಡಿಸಿ ಏನ್ ಮಾಡ್ತೀಯ? ನಮ್ ಹುಳಕ್ಕೇ ಹಾಕು. ಎಲ್ಲಾ ಒಂದೇ ಮನೆ."

ಅವಳು ಕಂತೆಯನ್ನು ಕೆಳಗಿಟ್ಟಿರಲಿಲ್ಲ, ಕೊಟ್ಟೂ ಇರಲಿಲ್ಲ. ನನ್ನನ್ನು ನೋಡಿದಳು, ಕೊಡೆಯ ಕೆಳಗಿದ್ದುದನ್ನು ನೋಡಿದಳು.

"ನನ್ ಹುಳ ತಂದ್ಯೇನಮ್ಮ?" ಎಂದಳು.

"ತಂದೆ. ಪಟ್ಟಿನೂ ತಂದಿದ್ದೀನಿ."

ಸೊಪ್ಪನ್ನು ಎದೆಗೊತ್ತಿಕೊಂಡು ಅವಳು ಭಾವನ ಕಡೆ ತಿರುಗಿದಳು. "ಕೇಳ್ದಾ ಭಾವ? ಶಿಡ್ಲಘಟ್ಟದಿಂದ ಆಫೀಸೇ ಎದ್ದು ಬಂದೈತೆ ನನ್ ಹೆಸರು ಹುಡುಕ್ಕೊಂಡು."

ಆಂಜಿನಪ್ಪ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡ. "ನಾನೇನು ತಿನ್ಕೊಂಡ್ಬಿಡ್ತಿದ್ನಾ? ನೆಂದ್ಬಿಟ್ಟವ್ಳೆ, ಮೊದ್ಲು ಆ ಯಮ್ಮಂಗೆ ಒಂದು ಒಣ ಬಟ್ಟೆ ಕೊಡು" ಎಂದು ಆಟೋದ ಕಡೆ ಹೋದ.

ಹುಳಮನೆಗೆ ಹೋಗುವ ಮುಂಚೆ ಸುಣ್ಣದ ಪುಡಿಯಲ್ಲಿ ಕಾಲಿಡಿಸಿ, ಕೈ ತೊಳೆಸಿದಳು. ಸಣ್ಣ ಕೋಣೆ, ಸಾರಿಸಿದ ನೆಲ, ಮೂಲೆಯಲ್ಲಿ ಕೆಂಡದ ಮಡಕೆ. ತಟ್ಟೆಗಳನ್ನು ಇಳಿಸಿ ಬಟ್ಟೆ ತೆಗೆದಳು. ಸಾವಿರಾರು ಹುಳ ತಲೆಯೆತ್ತಿ ಮಲಗಿದ್ದವು, ಒಂದೂ ಅಲುಗದೆ. ಅವು ಏಳುವವರೆಗೆ ಕೂರಬೇಕಂತೆ. ಕೂತೆವು. ನನಗೆ ಅವಳ ಸೀರೆ ಉಡಿಸಿದ್ದಳು, ಮುದ್ದೆ ಇಕ್ಕಿದ್ದಳು.

"ನಿನ್ ಹೆಸರೇನಮ್ಮ?" ಎಂದಳು.

ಜೂನ್‌ನಿಂದ ಅದನ್ನು ಯಾರೂ ಕೇಳಿರಲಿಲ್ಲ.

"ಸುಧಾಮಣಿ."

"ಬರೀ ಸುಧಾಮಣಿನಾ? ಊರು, ಅಪ್ಪ?"

"ಗೌರಿಬಿದನೂರು. ರಾಮಕೃಷ್ಣಪ್ಪನ ಮಗಳು."

"ಗೌರಿಬಿದನೂರು ರಾಮಕೃಷ್ಣಪ್ಪನ ಮಗಳು ಸುಧಾಮಣಿ" ಎಂದು ಅವಳು ನಿಧಾನವಾಗಿ ಪೂರ್ತಿ ಹೇಳಿದಳು. "ನಿಂದೂ ಹಿಡಿಯಲ್ಲ ಬಿಡು ಆ ಮಿಷಿನ್‌ಗೆ."

ಸಂಜೆಯ ಬೆಳಕು ಇನ್ನೂ ಇರುವಾಗ ಒಂದು ಹುಳ ಕತ್ತು ಆಡಿಸಿತು. ಆಮೇಲೆ ಅದರ ಪಕ್ಕದ್ದು. ಮುಕ್ಕಾಲು ಪಾಲು ಏಳುವವರೆಗೆ ಅವಳು ಕಾದಳು, ಕೈಯಲ್ಲಿ ಸೊಪ್ಪು ಹಿಡಿದೇ. ಮೊದಲು ಎದ್ದವಕ್ಕೆ ಮೊದಲು ಹಾಕಿದರೆ ಹಿಂದಿನವು ಹಿಂದೆಯೇ ಉಳಿಯುತ್ತವಂತೆ. ಎಲ್ಲ ಒಟ್ಟಿಗೆ ಉಣ್ಣಬೇಕು. ಅವಳು ಸೊಪ್ಪು ಹರಡಿದ ಮೇಲೆ ಹುಳ ಕಾಣಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲೆಯ ಅಂಚುಗಳು ಕರಗತೊಡಗಿದವು.

ಮರುದಿನ ಭೈರಪ್ಪನವರಿಗೆ ತಪ್ಪು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆ ಡಿ. ಎನ್. ತೆಗೆದ್ಬಿಡಮ್ಮ, ಮುಗೀತು" ಎಂದರು. ಅದು ಒಂದು ನಿಮಿಷದ ಕೆಲಸವೇ. ಆದರೆ ಮುಂದಿನ ಬೆಳೆಗೆ ಮತ್ತೆ ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಾಗುತ್ತಾರೆ.

"ಮನೆ ಜಾಸ್ತಿ ಮಾಡ್ತೀನಿ ಸಾರ್" ಎಂದೆ.

"ಕೆಡಿಸಬ್ಯಾಡ ಮತ್ತೆ" ಎಂದರು, ಅಷ್ಟೆ.

ಹೇಳಿದಷ್ಟು ಸುಲಭವಿರಲಿಲ್ಲ. ಫೈಲಿನಲ್ಲಿ ಎಲ್ಲರ ದಾಖಲೆಗಳೂ ಒಂದೇ ಅಳತೆಯಲ್ಲಿ ಒತ್ತೊತ್ತಾಗಿ ಕೂತಿದ್ದವು. ಅಳತೆ ಬದಲಾಯಿಸಿ ಹಳೆಯ ಫೈಲನ್ನು ಓದಿದರೆ ಒಬ್ಬರ ಊರು ಇನ್ನೊಬ್ಬರ ಹೆಸರಾಗುತ್ತದೆ. ಹಳೆಯ ಅಳತೆಯಲ್ಲಿ ಒಬ್ಬೊಬ್ಬರನ್ನೇ ಎತ್ತಿ, ಹೊಸ ಅಳತೆಯಲ್ಲಿ ಇಳಿಸಲು ಬೇರೆಯೇ ಪ್ರೋಗ್ರಾಂ ಬರೆಯಬೇಕಿತ್ತು. ಡಿಸೆಂಬರ್ ಅದರಲ್ಲೇ ಕಳೆಯಿತು. ಎರಡು ಸಲ ನಡುವೆ ಕರೆಂಟು ಹೋಗಿ ಫೈಲು ಅರ್ಧಕ್ಕೆ ನಿಂತಿತು. ಫ್ಲಾಪಿಯಲ್ಲಿ ಪ್ರತಿ ಇಟ್ಟುಕೊಂಡಿದ್ದರಿಂದ ಬದುಕಿದೆ. ಮಂಜು ಕವಿದ ಬೆಳಗುಗಳಲ್ಲಿ ಗಾಜಿನ ಬಾಗಿಲಿನಾಚೆ ಯಾರೂ ಕಾಣುತ್ತಿರಲಿಲ್ಲ. ಮುಟ್ಟಬೇಡಿ ಎಂದು ಅವನು ಬರೆದಿದ್ದ ಸಾಲನ್ನು ಮುಟ್ಟಲೇಬೇಕಾಯಿತು. ಮುಟ್ಟಿ, ಅದರ ಕೆಳಗೆ ನನ್ನದೊಂದು ಟಿಪ್ಪಣಿ ಸೇರಿಸಿದೆ. ಇನ್ನು ಮುಂದೆ ನಲವತ್ತು ಅಕ್ಷರ, ಸೊನ್ನೆಗೆ ಒಂದು, ಒಟ್ಟು ನಲವತ್ತೊಂದು ಮನೆ ಎಂದು. ಅವನು ಅದನ್ನು ಎಂದೂ ಓದುವುದಿಲ್ಲ ಎಂದು ಗೊತ್ತಿತ್ತು. "ಮಾತು" ಅಂಕಣದಲ್ಲಿ ಆ ತಿಂಗಳು ಹೆಚ್ಚೂಕಡಿಮೆ ಸೊನ್ನೆಗಳೇ.

ಡಿಸೆಂಬರಿನ ಮೊದಲ ವಾರ ವೆಂಕಟಲಕ್ಷ್ಮಮ್ಮನ ಗೂಡು ಮಾರುಕಟ್ಟೆಗೆ ಬಂದಿತ್ತು. ಕಂಪ್ಯೂಟರ್ ಕೋಣೆಗೆ ಬಂದು ಒಂದು ಗೂಡನ್ನು ಕೀಲಿಮಣೆಯ ಪಕ್ಕ ಇಟ್ಟು, "ಗಟ್ಟಿ ಐತಾ ಒತ್ತಿ ನೋಡು" ಎಂದಳು. ಗಟ್ಟಿ ಇತ್ತು. ತೋಟ ಅವಳ ಕೈಗೆ ಬಂತು. ಪಂಚಾಯ್ತಿಯವರೆದುರು ಆಂಜಿನಪ್ಪ ಹೆಚ್ಚು ಮಾತಾಡಲಿಲ್ಲವಂತೆ. ಓರಗಿತ್ತಿಯೇ ಮೊದಲ ದಿನ ಸೊಪ್ಪು ಕೊಯ್ಯಲು ಬಂದಳಂತೆ.

ಮೇ ತಿಂಗಳಲ್ಲಿ ನನ್ನ ವರ್ಷ ಮುಗಿಯಿತು. ಬೇರೆ ಹುಡುಗನೊಬ್ಬ ಸೇರುವವನಿದ್ದ. ನಾನು ಹೊರಡುವ ಹಿಂದಿನ ದಿನದ ಪಟ್ಟಿಯಲ್ಲಿ ಅವಳ ಹೆಸರಿತ್ತು, ಎರಡನೇ ಬೆಳೆಯ ಹು‍ಳಕ್ಕೆ. ಪಟ್ಟಿಯನ್ನು ಹಲಗೆಗೆ ನಾನೇ ಅಂಟಿಸಿ, ಒಳಗೆ ಹೋಗದೆ ಅಲ್ಲೇ ನಿಂತೆ. ಹೆಸರು ಓದಿದ್ದನ್ನು ಕೇಳಿ, ಆ ಕಡೆಯಿಂದ ಬರುವ ಮೊದಲ ಬಸ್ಸಿಗೇ ಬಂದಳು.

"ಎಲ್ಲಿ, ತೋರ್ಸು" ಎಂದಳು.

ಈ ಸಲ ಇನಿಷಿಯಲ್ ಇರಲಿಲ್ಲ. ದಿಬ್ಬೂರಹಳ್ಳಿ ನರಸಿಂಹಪ್ಪ ವೆಂಕಟಲಕ್ಷ್ಮಮ್ಮ ಎಂದೇ ಹಾಕಿದ್ದೆ. ಇಂಗ್ಲಿಷಿನಲ್ಲಿ ಎಣಿಸಿ, ಮೂರು ಅಕ್ಷರ ಬಿಗಿಮಾಡಿ ಹಿಡಿಸಿದ್ದೆ. ಅವಳಿಗೆ ಇಂಗ್ಲಿಷ್ ಅಕ್ಷರ ಬಾರದು. ಬೆರಳನ್ನು ಮೊದಲ ಅಕ್ಷರದ ಮೇಲಿಟ್ಟು ಒಂದೊಂದೇ ದಾಟಿಸುತ್ತ ಕೊನೆಯವರೆಗೂ ಹೋದಳು. ಹೆಸರು ಮುಗಿದ ಮೇಲೂ ಬೆರಳು ಸ್ವಲ್ಪ ಮುಂದೆ ಹೋಯಿತು. ಅಲ್ಲಿ ಬಿಳಿ ಕಾಗದ. ಅದರಾಚೆ, ತಾರೀಖು.

"ಇನ್ನೂ ಜಾಗ ಐತಲ್ಲಮ್ಮ" ಎಂದಳು.

"ಇದೆ. ಸ್ವಲ್ಪ."

"ಮತ್ತೆ ಅಲ್ಲಿ ನಿನ್ ಹೆಸರೂ ಬರ್ದ್ಬಿಡು. ಹುಳ ಹೊತ್ಕೊಂಡು ಬಂದೋಳು ನೀನೇ ತಾನೇ?"

ನಕ್ಕೆ. ಪಟ್ಟಿಗೆ ಹುಳ ಸಾಕುವವರು ಮಾತ್ರ ಸೇರುವುದು ಎಂದೆ. ನಾಳೆ ಹೊರಡುತ್ತೇನೆ ಎಂದೂ ಹೇಳಿದೆ. ಅವಳು ನನ್ನ ಕಡೆ ತಿರುಗಿ, "ಗೌರಿಬಿದನೂರು ರಾಮಕೃಷ್ಣಪ್ಪನ ಮಗಳು ಸುಧಾಮಣಿ" ಎಂದಳು, ಮರೆತಿಲ್ಲ ಎಂದು ತೋರಿಸುವ ಹಾಗೆ. ಆಮೇಲೆ ತಟ್ಟೆಗಳನ್ನು ಸೊಂಟಕ್ಕೆ ಆನಿಸಿಕೊಂಡು ಬಸ್ಸಿನ ಕಡೆ ನಡೆದಳು.

ಅವಳು ಹೋದ ಮೇಲೆ ನಾನು ಹಲಗೆಯ ಮುಂದೆ ಒಬ್ಬಳೇ ನಿಂತಿದ್ದೆ. ಪೆನ್ನು ಕೈಯಲ್ಲೇ ಇತ್ತು. ಅವಳ ಬೆರಳು ನಿಂತಿದ್ದ ಬಿಳಿ ಜಾಗದಲ್ಲಿ, ಒಳಗಿನಿಂದ ಭೈರಪ್ಪನವರು ಕಂಪ್ಯೂಟರಮ್ಮಾ ಎಂದು ಕೂಗುವಷ್ಟರಲ್ಲಿ, ತೆರೆಯ ಮೇಲೆ ಎಂದೂ ಕಾಣದ ಆ ಸೊನ್ನೆಯನ್ನು ಸಣ್ಣದಾಗಿ ಬರೆದೆ.